ಗುರುಪೂರ್ಣಿಮೆಯ ಪೇಢೆ

“ಬೀಳ್ರಿ.”

ಲೀಲಾಕ್ಷಿಗೆ ಆ ಗಂಡಸು ಹೇಳಿದ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಹೆಸರೇನೆಂಬ ವಿಚಾರಣೆಯಿಲ್ಲ!

ಮರಾಠಿ ನಾಡಿನ ಖಡಕಿಯ ಆ ಜೂಡೋ ಹಾಲ್‌ನಲ್ಲಿ ಸಂಜೆಯ ಬಿಸಿಲು ಕಿಟಕಿಯಿಂದ ಇಳಿದು ನೀಲಿ ಮ್ಯಾಟ್ ಮೇಲೆ ಮಲಗಿತ್ತು. ಆಫೀಸಿನ ಗೆಳತಿ ಸೋನಾಲಿ ಅವಳನ್ನು ಎಳೆದುಕೊಂಡು ಬಂದಿದ್ದಳು. ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಾಗಿನಿಂದ, ನಲವತ್ತಾರರ ಲೀಲಾಕ್ಷಿ ಗೋಡೆ ಹಿಡಿಯದೆ ನಡೆಯುವುದನ್ನೇ ಬಿಟ್ಟಿದ್ದಳು.

“ಬೀಳಬಾರದು ಅಂತ ಕಲಿಯಾಕ ಬಂದೀನ್ರಿ ಸರ್,” ಎಂದಳು.

“ಬೀಳೂದು ಬಂತಂದ್ರ ಅಂಜಿಕಿ ಹೋಗ್ತದ. ನಾ ಇದ್ದೀನಲ್ಲ, ಬೀಳ್ರಿ.”

ನಾ ಇದ್ದೀನಲ್ಲ... ಅಪ್ಪ ಹೋದ ಮೇಲೆ ಆ ಮಾತನ್ನು ಅವಳು ತಮ್ಮಂದಿರಿಗೆ ಹೇಳಿದ್ದಳು, ಅವ್ವನಿಗೆ ಹೇಳಿದ್ದಳು. ಹೇಳುತ್ತ ಹೇಳುತ್ತ ಅವಳ ಮದುವೆಯ ವಯಸ್ಸು ಸದ್ದಿಲ್ಲದೆ ದಾಟಿ ಹೋಗಿತ್ತು. ಅವಳಿಗೆ ಮಾತ್ರ ಯಾರೂ ಹಾಗೆ ಹೇಳಿರಲಿಲ್ಲ.

ಕಣ್ಣು ಮುಚ್ಚಿಕೊಂಡು ಬಿದ್ದಳು. ಬೆನ್ನು ಮ್ಯಾಟಿಗೆ ತಾಗಿತು, ಆದರೆ ತಲೆ ತಾಗಲಿಲ್ಲ. ಕಣ್ಣು ತೆರೆದಾಗ ಅವನ ಮುಷ್ಟಿಯಲ್ಲಿ ಅವಳ ತೋಳಿನ ಬಟ್ಟೆ ಇನ್ನೂ ಹಾಗೆಯೇ ಇತ್ತು.

ಅವನು ಚನ್ನವೀರ. ಗದಗಿನ ಕಡೆಯವನು, ಸೈನ್ಯದಿಂದ ನಿವೃತ್ತನಾಗಿ ಇಲ್ಲೇ ನೆಲೆ ನಿಂತವನು, ಹೆಂಡತಿಯನ್ನು ಕಳೆದುಕೊಂಡು ವರ್ಷಗಳಾಗಿದ್ದವು. ಸಂಜೆಗೆ ಜೂಡೋ ಕಲಿಸುವುದೊಂದೇ ಅವನ ಸಂಸಾರ.

ವಾರದೊಳಗೆ ಸೋನಾಲಿ ಮೊಣಕಾಲಿನ ನೆಪ ಹೇಳಿ ಕ್ಲಾಸ್ ಬಿಟ್ಟಳು. ಲೀಲಾಕ್ಷಿ ಬಿಡಲಿಲ್ಲ.

ಆಮೇಲಿನ ವರ್ಷಗಳು ಹೇಗೆ ಕಳೆದವೆಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಆಷಾಢದ ತುಂತುರಿನಲ್ಲಿ ಸಂತರ ಪಾಲಖಿ ಮೆರವಣಿಗೆ ಊರಿಗೆ ಬರುತ್ತಿತ್ತು, ಹೋಗುತ್ತಿತ್ತು. ಅವಳ ಸೊಂಟದ ಬೆಲ್ಟ್ ಬಿಳಿಯಿಂದ ಹಳದಿಗೆ, ಹಸಿರಿಗೆ, ನೀಲಿಗೆ ತಿರುಗಿತು. ಸಂಜೆ ಮರಗಳ ಕೆಳಗೆ ಮನೆಗೆ ನಡೆಯುವಾಗ ಕಾಲು ನೆಲದ ಮೇಲಿದೆಯೋ ಇಲ್ಲವೋ ಎಂಬ ಅನುಮಾನ. ಈ ವಯಸ್ಸಿನಲ್ಲಿ ಇದೆಲ್ಲ ಏನು ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಬೈದು ಮುಗಿಸಿ, ಅವನಿಗೆಂದು ಅವ್ವನಿಂದ ಶೇಂಗಾ ಹೋಳಿಗೆ ಮಾಡಿಸಿ ಡಬ್ಬಿ ಕಟ್ಟುತ್ತಿದ್ದಳು. ಅವ್ವ ಶಿವಗಂಗವ್ವ ಏನೂ ಕೇಳುತ್ತಿರಲಿಲ್ಲ. ಎರಡು ಹೋಳಿಗೆ ಹೆಚ್ಚೇ ಇಡುತ್ತಿದ್ದಳು.

ಕಪ್ಪು ಬೆಲ್ಟ್ ಬಂತು. ಬೇರೆಯವರಿಗೆ ಕಲಿಸುವ ಅರ್ಹತೆಯೂ ಬಂತು. ಅದರ ಬೆನ್ನಿಗೇ ಗುರುಪೂರ್ಣಿಮೆ.

ಪ್ರತಿವರ್ಷ ಆ ದಿನ ಕಲಿಯುವವರೆಲ್ಲ ಸಾಲಾಗಿ ಬಂದು ಚನ್ನವೀರನ ಕಾಲು ಮುಟ್ಟುತ್ತಿದ್ದರು. ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಪೇಢೆ ಹಂಚುವ ಕೆಲಸ ಲೀಲಾಕ್ಷಿಯದು. ಅದನ್ನು ವಹಿಸಿದವನು ಅವನೇ. ಹಂಚಿ ಮುಗಿಯುವಷ್ಟರಲ್ಲಿ ಅವನು ಎದ್ದು ಹೋಗಿರುತ್ತಿದ್ದ, ಅವಳ ಸರದಿ ಬರುತ್ತಲೇ ಇರಲಿಲ್ಲ.

ಈ ಸಲ ಅವಳು ಪೇಢೆಯ ಪೆಟ್ಟಿಗೆ ಕೆಳಗಿಟ್ಟು ತಾನೇ ಮುಂದೆ ಬಂದಳು. ಬಾಗಿದಳು.

ಚನ್ನವೀರ ಸರಕ್ಕನೆ ಹಿಂದೆ ಸರಿದ.

“ನೀವು ಬ್ಯಾಡ್ರಿ.”

ಎಲ್ಲರೂ ನೋಡುತ್ತಿದ್ದರು. ಅವಳ ಕೈ ಬರಿ ನೆಲದ ಮೇಲೆ ಉಳಿಯಿತು. ಅವಮಾನದಿಂದ ಕಿವಿ ಸುಟ್ಟವು.

ಮರುದಿನ ಅವನು ಇನ್ನೊಂದು ಮಾತು ಹೇಳಿದ. ದೂರದ ದೇಹೂ ರೋಡ್‌ನ ಸೈನಿಕರ ಕಾಲೊನಿಯಲ್ಲಿ ಹೆಂಗಸರಿಗೊಂದು ಕ್ಲಾಸ್ ಬೇಕಂತೆ, ಹಾಲ್ ಸಿದ್ಧವಿದೆಯಂತೆ, ಅವಳೇ ಹೋಗಿ ನಡೆಸಬೇಕಂತೆ. ಇನ್ನು ಇಲ್ಲಿಗೆ ಬರುವ ಅಗತ್ಯವಿಲ್ಲವಂತೆ.

*ಶಿಷ್ಯೆ ಅನ್ನಿಸಿಕೊಳ್ಳುವ ಯೋಗ್ಯತೆಯೂ ನನಗಿಲ್ಲವೇ? ಎಷ್ಟು ನಯವಾಗಿ ಹೊರಗೆ ಹಾಕಿದರು...*

ಸಿಟ್ಟಿನಲ್ಲೇ ಒಪ್ಪಿಕೊಂಡಳು. ಆ ರಾತ್ರಿ ಅಡುಗೆಮನೆಯಲ್ಲಿ ಮನಸಾರೆ ಅತ್ತಳು. ಶಿವಗಂಗವ್ವ ಅವಳ ಬೆನ್ನ ಮೇಲೆ ಕೈಯಾಡಿಸುತ್ತ ಕೂತಳೇ ಹೊರತು ಚನ್ನವೀರನನ್ನು ಬೈಯಲಿಲ್ಲ. ಅದು ಲೀಲಾಕ್ಷಿಗೆ ಇನ್ನಷ್ಟು ನೋವು ತಂದಿತು.

ದೇಹೂ ರೋಡ್‌ನ ಹಾಲ್‌ಗೆ ಮೊದಲ ದಿನ ಬಂದವರಲ್ಲಿ ಹೆಚ್ಚಿನವರು ಅವಳದೇ ವಯಸ್ಸಿನ ಸೈನಿಕರ ಮನೆಯ ಹೆಂಗಸರು. ಒಬ್ಬಳು ಗೋಡೆ ಬಿಟ್ಟು ಈಚೆ ಬರಲೊಲ್ಲಳು. ಲೀಲಾಕ್ಷಿ ಅವಳ ತೋಳು ಹಿಡಿದಳು. ಮೀ ಆಹೇ ನಾ ಎಂದಳು ಮರಾಠಿಯಲ್ಲಿ, ನಾನಿದ್ದೇನಲ್ಲ ಎಂದು. ಹೇಳಿದ ಮೇಲೆ ಅದು ಯಾರ ಮಾತೆಂದು ಹೊಳೆಯಿತು.

ಮಳೆಗಾಲ ಮುಗಿದು ಚಳಿ ಬಂತು. ಕ್ಲಾಸ್ ತುಂಬಿತು. ಹೆಂಗಸರು ಅವಳನ್ನು ಹಚ್ಚಿಕೊಂಡರು, ಮ್ಯಾಡಮ್ ಇಲ್ಲದೆ ನಮ್ಮ ಸಂಜೆ ಸಾಗುವುದಿಲ್ಲ ಎನ್ನುವಷ್ಟು. ಅವಳ ಕಣ್ಣು ಮಾತ್ರ ಆಗಾಗ ಬಾಗಿಲಿಗೆ ಹೋಗಿ ಬರುತ್ತಿತ್ತು. ಹುಚ್ಚಿ!

ಒಂದು ಸಂಜೆ ಆ ಬಾಗಿಲಲ್ಲಿ ಚನ್ನವೀರ ನಿಂತಿದ್ದ, ಚಪ್ಪಲಿ ಹೊರಗೆ ಬಿಟ್ಟು. ಒಳಗೆ ಬರಲಿಲ್ಲ. ಕ್ಲಾಸ್ ಮುಗಿದು ಹೆಂಗಸರೆಲ್ಲ ಹೋಗುವವರೆಗೂ ಅಲ್ಲೇ ಕಾದ.

“ಹೊರಗ ಹಾಕಿದವರು ಯಾಕ ಬಂದ್ರಿ ಸರ್?”

ಅವನು ತಲೆ ತಗ್ಗಿಸಿದ.

“ಗುರು ಅಂದ್ರ ತಂದಿ ಸಮಾನ ಅಂತಾರ. ಆವತ್ತ ನಿಮ್ಮ ನಮಸ್ಕಾರ ತಗೊಂಡಿದ್ರ, ಇವತ್ತ ಈ ಮಾತು ಕೇಳಾಕ ನನಗ ಬಾಯಿ ಇರತಿರಲಿಲ್ಲ.”

ಲೀಲಾಕ್ಷಿಗೆ ವರ್ಷವರ್ಷವೂ ಬಾಗಿಲಲ್ಲಿ ಪೇಢೆ ಹಂಚಿದ್ದು ಕಣ್ಣ ಮುಂದೆ ಬಂತು. ಅಷ್ಟು ಹಿಂದಿನಿಂದ...?

“ಹಂಗಾರ ಇಷ್ಟು ದೂರ ಯಾಕ ಕಳಿಸಿದ್ರಿ?”

“ನನ್ನ ಹಾಲ್‌ನ್ಯಾಗ ಕೇಳಿದ್ರ, ನೀವು ಒಲ್ಲೆ ಅಂದಿದ್ರ, ಆಮ್ಯಾಲ ಎಲ್ಲಿ ಹೋಗತಿದ್ರಿ? ಜೂಡೋನೂ ಹೋಗತಿತ್ತು. ಈಗ ಇದು ನಿಮ್ಮ ಮ್ಯಾಟ್. ಒಲ್ಲೆ ಅಂದ್ರ ನಾ ಹೋಗ್ತೀನಿ, ನಿಮ್ಮದೇನೂ ಹೋಗೂದಿಲ್ಲ.” ಮೆಲ್ಲಗೆ ಹೇಳಿದ, “ನನ್ನ ಮದಿವಿ ಆಗ್ತೀರೇನ್ರಿ?”

ಕಣ್ಣೀರು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ ಅವಳು. ಎಷ್ಟು ಅಳಿಸಿದ ಈ ಮನುಷ್ಯ! ಒಂದು ಮಾತು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು? ಎರಡು ಹೆಜ್ಜೆ ಮುಂದೆ ಬಂದು ಅವನ ಕೈ ಹಿಡಿದು ಮ್ಯಾಟಿನ ನಡುವೆ ನಿಲ್ಲಿಸಿದಳು. ಕಾಲರ್ ಹಿಡಿದಳು, ತೋಳು ಹಿಡಿದಳು.

“ಬೀಳ್ರಿ.”

ಚನ್ನವೀರ ಬಿದ್ದ. ಅವನ ತಲೆ ಮ್ಯಾಟಿಗೆ ತಾಗಲಿಲ್ಲ. ಅವನ ತೋಳಿನ ಬಟ್ಟೆ ಅವಳ ಮುಷ್ಟಿಯಲ್ಲಿತ್ತು, ಅವಳು ಬಿಡಲೂ ಇಲ್ಲ. ಅವನು ಅಲ್ಲೇ ಮಲಗಿ ನಕ್ಕ. ಅವಳು ಪಕ್ಕದಲ್ಲಿ ಕೂತಳು. ಕಿಟಕಿಯಲ್ಲಿ ಸಂಜೆ ನಿಧಾನವಾಗಿ ಮಂಕಾಗುತ್ತಿತ್ತು.

“ಅವ್ವಗ ನಾಳೆ ಹೋಳಿಗಿ ಮಾಡಂತ ಹೇಳ್ತೀನಿ. ಮನಿಗೆ ಬರ್ರಿ,” ಎಂದಳು. ಸರ್ ಎಂಬುದು ಎಲ್ಲಿ ಬಿಟ್ಟುಹೋಯಿತೋ ಅವಳಿಗೆ ಗೊತ್ತಾಗಲಿಲ್ಲ.

“ಬರ್ತೀನ್ರಿ.”

“ಇನ್ನೊಂದು ಮಾತು. ಬರೂ ಗುರುಪೂರ್ಣಿಮಿಗೆ ಇಲ್ಲಿ ನನ್ನ ಹೆಣ್ಮಕ್ಕಳು ನನಗ ನಮಸ್ಕಾರ ಮಾಡ್ತಾರ. ನೀವು ಬಾಗಲದಾಗ ನಿಲ್ಲಬೇಕು.”

“ನಿಂತು?”

“ಪೇಢೆ ಹಂಚಬೇಕು.”

“ಹಂಚ್ತೀನ್ರಿ,” ಎಂದ ಚನ್ನವೀರ, ಅವಳ ಮುಷ್ಟಿಯೊಳಗಿನ ತೋಳು ಬಿಡಿಸಿಕೊಳ್ಳದೆ.