ಒಳಸಾಲಿನ ಬಟನ್‌ಗಳು

"ನಿಲ್ಲಿಸು, ನಿಲ್ಲಿಸು!" ಬಾಬ್ಜಿ ತಾತ ತುಟಿಯಿಂದ ತಗಡಿನ ಕೊಳಲು ತೆಗೆದರು.

ಅಪೂರ್ವಾಳ ಬೆರಳುಗಳು ಬಟನ್‌ಗಳ ಮೇಲೇ ನಿಂತುಬಿಟ್ಟವು. ಮಡಿಲಲ್ಲಿದ್ದ ಅಕಾರ್ಡಿಯನ್ ಅರ್ಧ ಬಾಯಿ ತೆರೆದು ಉಸ್ಸೆಂದಿತು.

"ಎರಡು ಬೆಕ್ಕು ಜಗಳ ಆಡಿದ ಹಾಗಿತ್ತು," ಎಂದ ತೇಜ.

ಅವನು ಬಾಬ್ಜಿ ತಾತನ ತಂಗಿಯ ಮೊಮ್ಮಗ. ವಿಶಾಖಪಟ್ಟಣದ ಹತ್ತಿರದ ಪರವಾಡದಿಂದ ತಾತನ ಜೊತೆ ವಿಜಯವಾಡಕ್ಕೆ, ಅಪೂರ್ವಾಳ ಮನೆಗೆ ಬಂದಿದ್ದ. ಪಕ್ಕದಲ್ಲಿ ಅಕಾರ್ಡಿಯನ್ನಿನ ಖಾಲಿ ಚೀಲ ಇಟ್ಟುಕೊಂಡೇ ಕೂತಿದ್ದ. ಆ ಚೀಲ ಕಂಡಾಗಲೆಲ್ಲ ಅಪೂರ್ವಾ ಅಕಾರ್ಡಿಯನ್ನನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು.

ವಿಶಾಖಪಟ್ಟಣದಲ್ಲಿದ್ದಾಗ ಬಾಬ್ಜಿ ತಾತ ಅಪೂರ್ವಾಳ ಮನೆಯವರಿಗೆ ಕೆಳಮನೆಯವರು. ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು. ಐರ್ಲೆಂಡಿನ ಗೆಳೆಯನೊಬ್ಬ ಅವರಿಗೆ ತನ್ನ ನಾಡಿನ ಕುಣಿತದ ಮಟ್ಟುಗಳನ್ನು ಕಲಿಸಿದ್ದ. ತಾತನ ಹೆಂಡತಿ ಕಾರವಾರದವರು. ಹಾಗಾಗಿ ಕನ್ನಡವೂ ಅವರ ಬಾಯಿಗೆ ಹತ್ತಿತ್ತು.

ಅಪ್ಪನಿಗೆ ಬ್ಯಾಂಕಿನಲ್ಲಿ ಟ್ರಾನ್ಸ್‌ಫರ್ ಆಗಿ ಎಲ್ಲರೂ ವಿಜಯವಾಡದ ಪಟಮಟಕ್ಕೆ ಹೊರಟ ದಿನ, ತಾತ ಅಕಾರ್ಡಿಯನ್ನನ್ನೂ ಅದರಲ್ಲಿ ತಾವೇ ಅಂಥದೊಂದು ಮಟ್ಟು ನುಡಿಸಿ ತುಂಬಿಸಿದ ಕ್ಯಾಸೆಟ್ಟನ್ನೂ ಅವಳ ಕೈಗೆ ಕೊಟ್ಟಿದ್ದರು. "ಪುಸ್ತಕ ಇಲ್ಲ, ಪಾಠ ಇಲ್ಲ. ಕೇಳಿ ಕಲೀಬೇಕು. ದಸರಾಕ್ಕೆ ಬರ್ತೀನಿ. ನನ್ನ ಜೊತೆ ಸೇರಿ ನುಡಿಸಿದ್ರೆ ಈ ಪೆಟ್ಟಿಗೆ ನಿಂದು. ಇಲ್ಲಾಂದ್ರೆ ತೇಜ ಕೇಳ್ತಾ ಇದ್ದಾನೆ, ಅವನಿಗೆ."

ಅಪೂರ್ವಾ ಕಲಿತಿದ್ದಳು. ಸ್ಕೂಲಿನಿಂದ ಬಂದವಳೇ ಅಜ್ಜನ ಹಳೆಯ ಟೇಪ್ ರೆಕಾರ್ಡರ್ ಮುಂದೆ ಕೂರುತ್ತಿದ್ದಳು. ಒಂದು ತುಣುಕು ಕೇಳುವುದು, ನಿಲ್ಲಿಸುವುದು, ಎರಡು ಸಲ ನುಡಿಸುವುದು. ಅಜ್ಜ ಅವಳಿಗೆ ಶ್ಲೋಕ ಹೇಳಿಕೊಟ್ಟದ್ದೂ ಹೀಗೆಯೇ. ಅವರು ಒಮ್ಮೆ, ಅವಳು ಎರಡು ಸಲ. ಒಂದಕ್ಷರ ಆಚೀಚೆ ಆದರೆ ಮತ್ತೆ ಮೊದಲಿಂದ.

ಬಟನ್‌ಗಳದ್ದೂ ವಿಚಿತ್ರ. ಒಂದೇ ಬಟನ್, ಗಾಳಿಯ ತಿದಿ ಎಳೆದರೆ ಒಂದು ಸ್ವರ, ಒತ್ತಿದರೆ ಇನ್ನೊಂದು. ಎರಡು ಸಾಲಿನಲ್ಲಿ ಹುಡುಕಿ ಹುಡುಕಿ, ಕೊನೆಗೆ ಇಡೀ ಮಟ್ಟು ಒಳಸಾಲಿನಲ್ಲೇ ಸಿಕ್ಕಿತ್ತು. ಈಗ ಕಣ್ಣು ಮುಚ್ಚಿ ನುಡಿಸಬಲ್ಲಳು. ಆದರೂ ಬೆಕ್ಕಿನ ಜಗಳ!

"ಇನ್ನೊಂದ್ಸಲ," ಎಂದರು ತಾತ.

ಮತ್ತೆ ಅದೇ. ಕೊಳಲು ಒಂದು ದಾರಿ, ಪೆಟ್ಟಿಗೆ ಒಂದು ದಾರಿ. ಅಡುಗೆಮನೆಯಿಂದ ಅಮ್ಮ ಇಣುಕಿ ನೋಡಿ ಒಳಗೆ ಹೋದಳು.

"ಒಳಸಾಲಲ್ಲೇ ಯಾಕೆ ಓಡಾಡ್ತಿದೀಯಮ್ಮಾ? ಇದಕ್ಕೆ ಎರಡೂ ಸಾಲು ಬೇಕು. ಮೊದಲನೇ ಸ್ವರ ಎಳೀಬೇಕು, ನೀನು ಒತ್ತುತಿದೀಯ."

"ಕ್ಯಾಸೆಟ್ಟಲ್ಲಿ ಹೀಗೇ ಇದೆ ತಾತ."

"ನುಡಿಸಿದ್ದು ನಾನಲ್ವಾ?"

"ಕಿವಿ ಸರಿ ಇಲ್ಲ ಅಂತ ಕಾಣತ್ತೆ," ತೇಜ ಚೀಲದ ಜಿಪ್ ಎಳೆದ. "ತಾತಯ್ಯಾ, ಟ್ರೈನ್‌ಗೆ ಟೈಮಾಯ್ತು. ಆಟೋ ಬಂದುಬಿಡುತ್ತೆ."

ಅಪೂರ್ವಾಳ ಕಿವಿ ಬಿಸಿಯಾಯಿತು. ಅಕಾರ್ಡಿಯನ್ ಕೆಳಗಿಟ್ಟು ಎದ್ದವಳೇ ಒಳಗಿಂದ ಟೇಪ್ ರೆಕಾರ್ಡರ್ ಎತ್ತಿಕೊಂಡು ಬಂದಳು. "ನೀವೇ ಕೇಳಿ."

ಕ್ಯಾಸೆಟ್ ತಿರುಗಿತು. ಮೊದಲು ಒಂದು ದನಿ, ಬಾವಿಯ ತಳದಿಂದ ಬಂದ ಹಾಗೆ: "ಅ...ಪೂರ್ವಾ, ಕೇ...ಳು."

ಬಾಬ್ಜಿ ತಾತ ಬೆಚ್ಚಿದರು. "ಇದ್ಯಾವ ರಾಕ್ಷಸ?"

"ನೀವೇ!"

"ನನ್ನ ದನಿ ಹೀಗಿದೆಯಾ?"

"ಕ್ಯಾಸೆಟ್ಟಲ್ಲಿ ಎಲ್ಲರ ದನಿಯೂ ಹೀಗೇ ಅಂದ್ಕೊಂಡಿದ್ದೆ," ಎಂದಳು ಅಪೂರ್ವಾ.

ಅಷ್ಟರಲ್ಲಿ ಮಟ್ಟು ಶುರುವಾಯಿತು. ಅವಳು ನುಡಿಸಿದಂತೆಯೇ, ಅದೇ ಸ್ವರದಲ್ಲಿ. ತಾತ ಕೊಳಲು ಊದಿ ನೋಡಿದರು. ಅವರದೇ ಮಟ್ಟಿಗೆ ಅವರದೇ ಕೊಳಲು ಕೂಡಲಿಲ್ಲ.

"ಮಿಷನ್ ನಿಧಾನ ಓಡ್ತಿದೆ," ಎಂದರು. "ಒಳಗಿನ ಬೆಲ್ಟ್ ಸಡಿಲ ಆಗಿರಬೇಕು. ಅದಕ್ಕೇ ಎಲ್ಲಾ ಸ್ವರ ಕೆಳಗೆ ಇಳಿದಿದೆ."

ಕುರ್ಚಿಯಲ್ಲಿ ಕೂತಿದ್ದ ಅಜ್ಜ, ನರಸಿಂಹಮೂರ್ತಿಗಳು, ನಿಧಾನವಾಗಿ ಕನ್ನಡಕ ತೆಗೆದರು. ಬೆಳಿಗ್ಗೆ ಪೂಜೆಯ ಹೊತ್ತಿಗೆ ಅದೇ ಯಂತ್ರದಲ್ಲಿ ಪದ್ಯ ಹಾಕಿಕೊಂಡು ಜೊತೆಗೆ ಹಾಡುವುದು ಅವರ ಅಭ್ಯಾಸ.

"ಹೌದೇನೋ! ಈಚೆಗೆ ಮೇಲಿನ ಸ್ವರವೆಲ್ಲ ಸಲೀಸಾಗಿ ಹಿಡೀತೀನಿ, ದೇವರು ಗಂಟಲು ತೆರೆಸಿದ ಅಂತ ದಿನಾ ಕೈ ಮುಗೀತಿದ್ದೆನಲ್ಲೋ!"

ತೇಜ ಕೂಡ ನಕ್ಕ. ಅಪೂರ್ವಾ ನಗಲಿಲ್ಲ. ಅವಳು ಬಾಬ್ಜಿ ತಾತನ ಮುಖವನ್ನೇ ನೋಡುತ್ತಿದ್ದಳು.

"ಕಿವಿ ಸರಿಯಾಗೇ ಇದೆ," ಎಂದರು ಅವರು. "ಆದ್ರೆ ಮಾತು ಮಾತೇ. ಜೊತೆಗೆ ನುಡಿಸಬೇಕು ಅಂದಿದ್ದೆ. ಈ ಕೊಳಲಿಗೆ ಇಳಿದು ಬರೋಕೆ ಆಗಲ್ಲಮ್ಮಾ. ನೀನೇ ಹತ್ತಿ ಬರಬೇಕು."

"ಎಲ್ಲಾ ಬಟನ್ನೂ ಬದಲಾಗತ್ತೆ ತಾತ!"

"ಆಗತ್ತೆ."

ಅಪೂರ್ವಾ ಅಕಾರ್ಡಿಯನ್ ಎತ್ತಿ ಪಟ್ಟಿ ಹೆಗಲಿಗೇರಿಸಿಕೊಂಡಳು. ಮೊದಲ ಸ್ವರ ಎಳೆದಳು. ಎರಡನೆಯದಕ್ಕೆ ಬೆರಳು ತಾನಾಗಿ ಹಳೆಯ ಜಾಗಕ್ಕೆ ಓಡಿತು. ತಪ್ಪು. ಮತ್ತೆ ಎಳೆದಳು. ಮತ್ತೆ ತಪ್ಪು. ಬೆರಳುಗಳಿಗೆ ಅವಳ ಮಾತೇ ಬೇಡವಾಗಿತ್ತು.

ಬೀದಿಯಲ್ಲಿ ಆಟೋ ಹಾರ್ನ್ ಕೇಳಿಸಿತು. ತೇಜ ಎದ್ದು ನಿಂತ.

ಅಪೂರ್ವಾ ಬಟನ್‌ಗಳನ್ನು ಬಿಟ್ಟೇಬಿಟ್ಟಳು. "ತಾತ, ನೀವೊಬ್ಬರೇ ಊದಿ."

ಅವರು ಊದಿದರು. ಅವಳು ಕಣ್ಣು ಮುಚ್ಚಿ ಗುನುಗತೊಡಗಿದಳು. ಅರೆ, ಗಂಟಲಿಗೆ ಏನೂ ತೊಡಕಿಲ್ಲ! ಸ್ವರ ಮೇಲಿದೆ, ಅಷ್ಟೇ. ಎಲ್ಲಿ ಏರಬೇಕೋ ಅಲ್ಲಿ ಏರಿತು, ಎಲ್ಲಿ ಕುಪ್ಪಳಿಸಬೇಕೋ ಅಲ್ಲಿ ಕುಪ್ಪಳಿಸಿತು. ಎಲ್ಲ ಅದೇ, ಒಂದಿಷ್ಟೂ ಹೋಗಿಲ್ಲ.

ಗುನುಗುತ್ತಲೇ ತಿದಿ ಎಳೆದಳು. ಗಂಟಲಲ್ಲಿದ್ದುದನ್ನು ಬೆರಳು ಹುಡುಕಿತು. ಹೊರಸಾಲಿಗೆ ಹೋಯಿತು, ಎಡವಿತು, ಮರಳಿ ಬಂತು. ಕೊಳಲು ಪ್ರತಿ ತಿರುವಿನಲ್ಲೂ ನಿಂತು ಕಾಯಿತು. ಆಮೇಲೆ ಸಿಕ್ಕ ಸ್ವರದ ಪಕ್ಕ ಇನ್ನೊಂದು ಸಿಕ್ಕಿತು, ಅದರ ಪಕ್ಕ ಮತ್ತೊಂದು. ಮೊದಲ ಭಾಗವನ್ನು ಎರಡನೇ ಸಲ ನುಡಿಸುವಾಗ ಕೊಳಲಿನ ದನಿ ಯಾವುದು, ತನ್ನದು ಯಾವುದು ಎಂದು ಅವಳಿಗೆ ತಿಳಿಯಲಿಲ್ಲ.

ಆಟೋ ಮತ್ತೆ ಕೂಗಿತು.

"ತೇಜಾ, ಆಟೋದವನಿಗೆ ಸ್ವಲ್ಪ ಕಾಯೋಕೆ ಹೇಳು. ಎರಡನೇ ಭಾಗ ಬಾಕಿ ಇದೆ," ಎಂದರು ಬಾಬ್ಜಿ ತಾತ. "ಆ ಚೀಲ ಇಲ್ಲೇ ಬಿಟ್ಟು ಹೋಗು. ಪೆಟ್ಟಿಗೆಗೆ ಧೂಳು ಹತ್ತಬಾರದು."

ತೇಜ ಚೀಲವನ್ನು ಕುರ್ಚಿಯ ಮೇಲಿಟ್ಟು, ಅಪೂರ್ವಾಳ ಬೆರಳುಗಳನ್ನು ಒಮ್ಮೆ ನೋಡಿ, ಮೆಟ್ಟಿಲಿಳಿದ.

ಅವಳು ಅದನ್ನೇನೂ ನೋಡಲಿಲ್ಲ. ಎರಡನೇ ಭಾಗ ಯಾವ ಬಟನ್‌ನಿಂದ ಶುರುವಾಗುತ್ತದೋ ಗೊತ್ತಿರಲಿಲ್ಲ. ಆದರೂ ಭಯವಾಗಲಿಲ್ಲ. ಬಾಯಿ ಮುಚ್ಚಿ ಮೆಲ್ಲಗೆ ಗುನುಗುತ್ತ, ಅವಳು ತಿದಿಯನ್ನು ಅಗಲಕ್ಕೆ ಎಳೆದಳು.