ಐದು ಬೆರಳಿನ ಫೋಟೋ

"ಈ ಕೈ ನಂದ್ರೀ! ಆದ್ರ ಇದಕ್ಕ ಐದು ಬೆರಳು ಎಲ್ಲಿಂದ ಬಂದ್ವು?"

ಪೀಣ್ಯದ ಮುತ್ತಣ್ಣನ ವರ್ಕ್‌ಶಾಪಿನಲ್ಲಿ ಭುವನೇಶ್ವರಿ ತನ್ನ ಮೊಬೈಲನ್ನು ಆ ಅಪರಿಚಿತನ ಮುಖದೆದುರು ಹಿಡಿದಳು. ಅವನು ಯಾರೆಂದು ಮುತ್ತಣ್ಣ ಈಗಷ್ಟೇ ಹೇಳಿದ್ದ. ನರೇಶ್... ಆನ್‌ಲೈನ್‌ನಲ್ಲಿ ಅವಳದೇ ತರಕಾರಿ ಹೆಚ್ಚುವ ಮಣೆಯನ್ನು ಕಡಿಮೆ ಬೆಲೆಗೆ ಮಾರುತ್ತಿದ್ದವನು! ಅಂಥವೇ ಮಣೆಗಳನ್ನು ಮಾಡಿಸಲು ಬಂದಿದ್ದ.

ನರೇಶ್ ಫೋಟೋ ನೋಡಿದ. ಆಮೇಲೆ ಅವಳ ಎಡಗೈ ನೋಡಿದ. ಅದರಲ್ಲಿ ಎರಡು ಬೆರಳುಗಳಿರಲಿಲ್ಲ.



ಹುನಗುಂದದಿಂದ ಬಂದು ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದ ಭುವನೇಶ್ವರಿಯ ಬೆರಳುಗಳು ಮೂರು ವರ್ಷದ ಹಿಂದೆ ಪ್ರೆಸ್ ಯಂತ್ರಕ್ಕೆ ಸಿಕ್ಕಿದ್ದವು. ಕೆಲಸವೂ ಹೋಯಿತು. ಬಾಡಿಗೆ ಕೋಣೆಯಲ್ಲಿ ಕೂತು ಅವಳು ಆನ್‌ಲೈನ್ ಮಾರಾಟಗಾರರ ಪುಟಗಳನ್ನು ಒಂದೊಂದಾಗಿ ಓದತೊಡಗಿದಳು. ಯಾವುದು ಹೆಚ್ಚು ಮಾರಾಟವಾಗುತ್ತದೆ? ಕೊಂಡವರು ಏನೆಂದು ದೂರುತ್ತಾರೆ?

ತರಕಾರಿ ಹೆಚ್ಚುವ ಮಣೆಗಳ ಕೆಳಗೆ ಒಂದು ದೂರು ಮತ್ತೆ ಮತ್ತೆ ಕಂಡಿತು. 'ಅಮ್ಮನಿಗೆ ಲಕ್ವ ಹೊಡೆದಿದೆ. ಒಂದೇ ಕೈಯಲ್ಲಿ ಹೆಚ್ಚಲು ಆಗುತ್ತಿಲ್ಲ.'

ಅವಳಿಗೂ ಆಗುತ್ತಿರಲಿಲ್ಲ! ಈರುಳ್ಳಿ ಚುಚ್ಚಿ ನಿಲ್ಲಿಸಲು ಮೂರು ಸ್ಟೀಲ್ ಮೊಳೆಗಳಿರುವ ಮಣೆಯನ್ನು ಮುತ್ತಣ್ಣನಿಂದ ಮಾಡಿಸಿದಳು. ತನ್ನ ಎಡಗೈಯನ್ನು ಮಣೆಯ ಮೇಲಿಟ್ಟೇ ಫೋಟೋ ತೆಗೆದು ಆನ್‌ಲೈನ್ ಮಾರಾಟಕ್ಕೆ ಹಾಕಿದಳು. ಮುಚ್ಚಿಡಲಿಲ್ಲ.

"ಬೇರೆಯವರದ್ದು ಯಾವುದು ಓಡ್ತಿದೆ ಅಂತ ನೋಡಿ ಮಾರೋದೇ ನನ್ ಕೆಲಸ ಮೇಡಂ," ನರೇಶ್ ಕೊನೆಗೂ ಹೇಳಿದ. "ಫೋಟೋ ಎಡಿಟಿಂಗ್‌ಗೆ ಕೊಟ್ಟಿದ್ದೆ. ಬೆರಳು ಸೇರಿಸಿದ್ದನ್ನ ನಾನು ಗಮನಿಸಲೇ ಇಲ್ಲ..."

"ನೋಡಿ ಕಲಿಯೂದು ಬ್ಯಾರೆ, ಕದಿಯೂದು ಬ್ಯಾರೆ ರೀ. ನನ್ನ ಕೈ ಕಂಡ್ರ ಯಾರೂ ತಗೊಳ್ಳೂದಿಲ್ಲ ಅಂತ ಹಿಂಗ ಮಾಡೀರಿ!"

ನರೇಶ್ ಅಲ್ಲೇ ನಿಂತು ತನ್ನ ಮೊಬೈಲಿನಲ್ಲಿ ಆ ಮಣೆಯ ಮಾರಾಟದ ಪುಟವನ್ನು ಅಳಿಸಿಹಾಕಿದ.

ಮುಂದಿನ ಗುರುವಾರ ಅವನು ಮತ್ತೆ ಬಂದ. ತನ್ನ ಪುಟಕ್ಕೆ ಜನ ಕಳಿಸಿದ್ದ ಪ್ರಶ್ನೆಗಳನ್ನೆಲ್ಲ ಬರೆದು ತಂದಿದ್ದ.

"ಮಣೆ ಜಾರುತ್ತೆ ಅಂತಾರೆ. ಕೆಳಗೆ ರಬ್ಬರ್ ಹಾಕ್ಸಿ. ಇದು ನಿಮಗೆ ಸೇರಬೇಕಾದ್ದು."

ರಬ್ಬರ್ ಹಾಕಿಸಿದ ಮೇಲೆ ಆರ್ಡರ್‌ಗಳು ಹೆಚ್ಚಿದವು. ಪ್ರತಿ ಗುರುವಾರವೂ ಏನಾದರೊಂದು ಸಲಹೆ ಹಿಡಿದು ಅವನು ಬರುತ್ತಿದ್ದ. ಅವಳು ಕಾಯತೊಡಗಿದಳು. ಒಪ್ಪಿಕೊಳ್ಳಲು ಮಾತ್ರ ಮನಸ್ಸಿರಲಿಲ್ಲ.

ಇದ್ದಕ್ಕಿದ್ದಂತೆ ಅವನು ಬರುವುದು ನಿಂತಿತು. ಮೂರು ಗುರುವಾರ ಕಳೆದವು. ಫೋನೂ ಇಲ್ಲ.

'ಕಲಿಯೂದು ಕಲ್ತು ಹೋದನೇನು?' ದಿನಾ ಬೆಳಿಗ್ಗೆ ಅವನ ಆನ್‌ಲೈನ್ ಅಂಗಡಿಯ ಪುಟ ತೆರೆಯುತ್ತಿದ್ದಳು. ಬೆಲೆ ನೋಡಲಿಕ್ಕಲ್ಲ... ಒಂದು ದಿನ ಅಲ್ಲಿ ಏನೂ ಇರಲಿಲ್ಲ. 'ಅಂಗಡಿ ಮುಚ್ಚಿದೆ' ಎಂಬ ಸಾಲು ಮಾತ್ರ.

ಮುತ್ತಣ್ಣನಿಂದ ವಿಳಾಸ ಪಡೆದು ಮಹದೇವಪುರಕ್ಕೆ ಬಸ್ಸು ಹತ್ತಿದಳು.

ಪಾತ್ರೆಗಳು ತುಂಬಿದ ಗೋದಾಮಿನಲ್ಲಿ ನರೇಶ್ ಬಿಳಿ ಬಟ್ಟೆ ಹಾಸಿ, ಒಂದು ಜರಡಿಯ ಫೋಟೋ ತೆಗೆಯುತ್ತಿದ್ದ. ಗಡ್ಡ ಬೆಳೆದಿತ್ತು.

"ಅಂಗಡಿ ಯಾಕ ಮುಚ್ಚೀರಿ?"

ಅವನು ಬೆಚ್ಚಿ ತಿರುಗಿದ. "ನೀವಾ...! ಎಂಬತ್ತು ಸಾಮಾನಿತ್ತು. ಎಲ್ಲದಕ್ಕೂ ಬೇರೆಯವರ ಫೋಟೋನೇ. ತೆಗೆದುಹಾಕಿ, ನಾನೇ ಹೊಸದಾಗಿ ತೆಗೀತಿದೀನಿ."

"ನನಗೊಂದು ಮಾತು ಹೇಳಬಾರದಿತ್ತೇನು?"

"ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕದ್ದ ಫೋಟೋ ಇಟ್ಕೊಂಡು ನಿಮ್ಮ ಮುಂದೆ ನಿಂತ್ಕೊಳ್ಳೋಕೆ ನಾಚಿಕೆ ಆಯ್ತು..."

ಅವಳ ಕಣ್ಣು ತುಂಬಿತು. "ಕರುಣಾ ಏನ್ರಿ ನನ್ನ ಮ್ಯಾಲ?"

"ಕರುಣೆ ಇದ್ದಿದ್ರೆ ಸಲಹೆ ಹೇಳಿ ಸುಮ್ನಾಗ್ತಿದ್ದೆ. ವಾರವೆಲ್ಲ ಗುರುವಾರಕ್ಕೆ ಕಾಯ್ತಿರ್ಲಿಲ್ಲ."

ನರೇಶ್ ಜರಡಿಯನ್ನು ಪಕ್ಕಕ್ಕಿಟ್ಟ. ಹೊರಗೆ ಬಸ್ಸುಗಳ ಹಾರ್ನ್ ಕೇಳುತ್ತಿತ್ತು.

"ನಮ್ಮ ಮದುವೆ ವಿಷಯ ನಿಮ್ಮವ್ವನ್ನ ಕೇಳೋಕೆ ಊರಿಗೆ ಬರ್ಲಾ? ಅವರು ಏನಂತಾರೋ..."

"ಅವ್ವ ಏನಂತಾಳ ಅನ್ನೂದು ಆಮ್ಯಾಲ. ಮೊದಲ ನಾ ಏನಂತೀನಿ, ಕೇಳ್ರಿ."

"ನೀವೇನಂತೀರಾ, ಭುವನಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೂಂ ಅಂತೀನ್ರೀ..."