ಬಲತೋಳಿನ ಕುದುರೆ

ಠಾಣೆಗೆ ಬಂದು ತಿಂಗಳಾದರೂ 'ಸರಿ ಸರ್' ಬಿಟ್ಟರೆ ತನ್ನ ಬಾಯಿಂದ ಬೇರೆ ಮಾತೇ ಹೊರಟಿಲ್ಲವಲ್ಲ ಎಂಬುದು ಹೊಸ ಮಹಿಳಾ ಕಾನ್‌ಸ್ಟೆಬಲ್‌ಳ ಗುಟ್ಟಿನ ಚಿಂತೆ. ಪದವಿಯಿತ್ತು, ಸಮವಸ್ತ್ರವಿತ್ತು, ದನಿ ಮಾತ್ರ ಗಂಟಲಲ್ಲೇ ಠಿಕಾಣಿ ಹೂಡಿತ್ತು. ಇನ್‌ಸ್ಪೆಕ್ಟರ್ ಅವಳಿಗೆ 'ಗುಮ್ಮನಗುಸುಕಿ' ಎಂದೇ ಹೆಸರಿಟ್ಟಿದ್ದರು.

ಬುಧವಾರ ಬೆಳಿಗ್ಗೆ 9.40ಕ್ಕೆ ದೂರು ಬಂತು. ಸೇನಾ ಬಿಡಾರದ ಎದುರಿನ ಕಸೂತಿ ಅಂಗಡಿಯ ಮಾಲೀಕ ಏದುಸಿರು ಬಿಡುತ್ತ ನಿಂತಿದ್ದ. ಶುಕ್ರವಾರದ ಕವಾಯತಿಗೆ ಪಡೆಯೊಂದಕ್ಕೆ ಕೊಡಬೇಕಿದ್ದ ಹೊಸ ತೋಳುಲಾಂಛನಗಳಲ್ಲಿ ಬಲತೋಳಿನವುಗಳ ಕಟ್ಟೇ ಮಾಯ. ಎಡತೋಳಿನವು ಇದ್ದಲ್ಲೇ ಇದ್ದವು. ಎಫ್‌ಐಆರ್ ದಾಖಲಾಯಿತು.

ಅಂಗಡಿಯಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ.

"ಕೀಲಿ ಯಾರ್ಯಾರ ಹತ್ರ ಇದೆ?" ಎಂದರು ಇನ್‌ಸ್ಪೆಕ್ಟರ್.

"ನನ್ನ ಹತ್ರ, ತಂಗಿ ಹತ್ರ. ಇನ್ನೊಂದು ನಮ್ಮ ದರ್ಜಿ ಹತ್ರ. ಹೋದ ವಾರ ಜಗಳಾಡ್ಕೊಂಡು ಹೋದೋನು ಕೀಲಿ ಕೊಟ್ಟೇ ಇಲ್ಲ. ಅವನದೇ ಕೆಲಸ ಸರ್!"

"ಒಂದೇ ತೋಳಿಂದು ಕದ್ದು ಏನ್ಮಾಡ್ತಾನೆ?"

"ಹೊಟ್ಟೆಕಿಚ್ಚಿಗೆ ಎಡ ಏನು, ಬಲ ಏನು ಸರ್?"

ಇನ್‌ಸ್ಪೆಕ್ಟರ್ ಹೊರಗೆ ಕೂಗಿದರು: "ಡ್ರೈವರ್, ಆ ದರ್ಜೀನ ಎತ್ತಾಕ್ಕೊಂಡು ಬಾ."

ಅಷ್ಟರಲ್ಲಿ ಕಾನ್‌ಸ್ಟೆಬಲ್ ಹೊಲಿಗೆ ಯಂತ್ರದಡಿ ಬಗ್ಗಿದ್ದಳು. ಸಂದಿನಲ್ಲಿ ಒಂದು ಲಾಂಛನ ಸಿಕ್ಕಿಕೊಂಡಿತ್ತು. ಅದರ ಹಿಂಬದಿಗೆ ಸೀಮೆಸುಣ್ಣದಲ್ಲಿ 'ಬಲ' ಎಂದಿತ್ತು. ನೆಗೆಯುವ ಬಿಳಿ ಕುದುರೆ, ಕಾಲಡಿ ಎರಡು ನೀಲಿ ಅಲೆ. ಎಡತೋಳಿನದರ ಪಕ್ಕ ಇಟ್ಟು ನೋಡಿದಳು. ಎರಡೂ ಒಂದೇ ಕಡೆ ಮುಖ ಮಾಡಿದ್ದವು.

ಜೀಪು ಸದ್ದು ಮಾಡಿತು. ಹೇಳಬೇಕು, ಆದರೆ ನಾಲಿಗೆ ಏಳಲಿಲ್ಲ. ಎರಡನ್ನೂ ತನ್ನ ಎರಡು ತೋಳುಗಳಿಗೆ ಒತ್ತಿಕೊಂಡು ಇನ್‌ಸ್ಪೆಕ್ಟರರ ಮುಂದೆ ನಿಂತು ಈ ಮಗ್ಗುಲು, ಆ ಮಗ್ಗುಲು ತಿರುಗಿದಳು.

"ಏನಮ್ಮಾ, ಫ್ಯಾಷನ್ ಶೋನಾ?" ಎಂದು ನಕ್ಕವರು ತಟ್ಟನೆ ನಗು ನಿಲ್ಲಿಸಿದರು. "ಅಯ್ಯೋ! ಎಡಗಡೆ ಎದೆ ಕಡೆಗೆ ಮುನ್ನುಗ್ತಾ ಇದೆ, ಬಲಗಡೆ ಬೆನ್ನ ಕಡೆಗೆ ಓಟ ಕಿತ್ತಿದೆ! ಡ್ರೈವರ್, ತಡಿಯಪ್ಪಾ. ಚಿತ್ರ ಬರೆದೋರು ಯಾರು?"

ದಾರದುಂಡೆಗಳ ಹಿಂದೆ ನಿಂತಿದ್ದ ಮಾಲೀಕನ ತಂಗಿ ತಲೆ ತಗ್ಗಿಸಿದಳು.

"ನೀನೇನಮ್ಮಾ?"

"ಹೂಂ ಸರ್. ಬಲತೋಳಿಗೆ ಚಿತ್ರ ತಿರುಗಿಸ್ಬೇಕಿತ್ತು, ಮರೆತೆ. ಎಲ್ಲ ಹೊಲಿದಾದ ಮೇಲೆ ಕಣ್ಣಿಗೆ ಬಿತ್ತು. ತುಂಬಿದ ಹೊಳೆ ದಾಟಿ ಗೆದ್ದೋರು ಸರ್ ಆ ಪಡೆಯೋರು, ಆ ಅಲೆ ಅದಕ್ಕೇ. ಅಂಥವರ ಕುದುರೆ ಶತ್ರುಗೆ ಬೆನ್ನು ತೋರಿಸೋದಾ?"

"ಕಟ್ಟೆಲ್ಲಿ?"

ಚಿಂದಿಮೂಟೆಯ ತಳದಿಂದ ಕಟ್ಟು ಹೊರಬಂತು. ಜೊತೆಗೆ, ಮುಖ ಸರಿಯಾಗಿದ್ದ ಹೊಸ ಕುದುರೆಗಳು ಒಂದು ಹಿಡಿ.

"ನಂಗೆ ಹೇಳೋಕೇನಾಗಿತ್ತೇ?" ಎಂದ ಅಣ್ಣ.

"ಬಂದೋರ ಮುಂದೆಲ್ಲ ನನ್ನ ಹಾಡಿ ಹೊಗಳ್ತಿದ್ದೆಯಲ್ಲ ಅಣ್ಣ. ಹ್ಯಾಗ್ ಹೇಳ್ಲಿ?"

ಅವನು ಕಣ್ಣೊರೆಸಿಕೊಂಡ. "ದೂರು ವಾಪಸ್ ತಗೋತೀನಿ ಸರ್."

"ಎಫ್‌ಐಆರ್ ಏನು ಹೊಲಿಗೇನಾ, ಬಿಚ್ಚಿ ಹಾಕೋಕೆ? ನಿನ್ನ ತಂಗಿ ಠಾಣೆಗೆ ಬರ್ಲಿ. ಜಾಮೀನಿನ ಮೇಲೆ ಸಂಜೆ ಹೊತ್ತಿಗೆ ವಾಪಸ್ ಬಂದು ಮಿಕ್ಕಿದ್ದು ಹೊಲೀಲಿ. ನೀನೂ ಸೂಜಿ ಹಿಡಿ. ಆ ದರ್ಜೀನೂ ಕರಿ, ಮರ್ಯಾದೆಯಿಂದ."

12.15ಕ್ಕೆ ಠಾಣೆಯಲ್ಲಿ ತಂಗಿಯ ಬಂಧನ ದಾಖಲಾಯಿತು. ಇನ್‌ಸ್ಪೆಕ್ಟರ್ ಪೆನ್ನು ಎತ್ತಿ ಹಿಡಿದು, "ಕಳವಿನ ಉದ್ದೇಶ ಏನಂತ ಬರೀಲಿ?" ಎಂದು ತಮ್ಮಷ್ಟಕ್ಕೇ ಗೊಣಗಿದರು.

"ಹೆದರಿಕೆ ಅಂತ ಬರೀರಿ ಸರ್."

ಯಾರ ದನಿಯೆಂದು ಠಾಣೆಯೇ ತಿರುಗಿ ನೋಡಿತು. ಗುಮ್ಮನಗುಸುಕಿ ಕಿವಿವರೆಗೆ ಕೆಂಪಾಗಿದ್ದಳು.

"ನಾನಾಗಿದ್ರೂ ಬಾಯಿ ಬಿಡ್ತಿರಲಿಲ್ಲ ಸರ್. ಕದ್ದೇ ಬಿಡ್ತಿದ್ದೆ."